ಬೆಲೆ ತೆತ್ತ ಕಾಣಿಕೆ: ಕುಂಚದಿಂದ ಕಂಪ್ಯೂಟರಿನವರೆಗೆ ದೇವಾಲಯದ ಚಿತ್ರಗಳು



ಸೆಪ್ಟೆಂಬರ್ 8ರಂದು ಬರುವ ಕನ್ಯಾಮರಿಯಮ್ಮನವರ ಜನನೋತ್ಸವ ಕರಾವಳಿಯ ನಮಗೆ ಮೊಂತಿ ಹಬ್ಬ, ತೆನೆಹಬ್ಬ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡದಲ್ಲಿ ವಂ. ಜೋಕಿಂ ಮಿರಾಂಡರವರು ಈ ಆಚರಣೆಗೆ ನಾಂದಿ ಹಾಡಿದರೆಂಬುದು ಹಿರಿಯರಿಂದ ಬಂದ ಮಾತು. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ. ಆ ತೆನೆ ನಮ್ಮ ಗದ್ದೆಯದಾಗಿರುತ್ತದೆ, ಇಲ್ಲವೇ ಹಣ ಕೊಟ್ಟು ತಂದದ್ದಾಗಿರುತ್ತದೆ. ನೆರೆಯವನ ಗದ್ದೆಯಿಂದ ರಾತ್ರೋರಾತ್ರಿ ಕೊಯ್ದು ತಂದ ತೆನೆಯನ್ನು ಯಾರೂ ಮಾತೆಯ ಮುಂದೆ ಇಡುವುದಿಲ್ಲ.

ಸಮುವೇಲನ ಎರಡನೆಯ ಗ್ರಂಥದ 24ನೆಯ ಅಧ್ಯಾಯದಲ್ಲಿ ದಾವೀದ ಅರಸನು ಅರೌನನ ಕಣದಲ್ಲಿ ಬಲಿಪೀಠ ಕಟ್ಟಲು ಹೋಗುತ್ತಾನೆ. ಅರೌನನು ಕಣವನ್ನೂ ಎತ್ತುಗಳನ್ನೂ ಧರ್ಮಕ್ಕೇ ಕೊಡಲು ಮುಂದಾದಾಗ ಅರಸ ಒಪ್ಪುವುದಿಲ್ಲ. ತನಗೆ ಯಾವ ವೆಚ್ಚವೂ ಇಲ್ಲದ ಬಲಿಯನ್ನು ದೇವರಿಗೆ ಅರ್ಪಿಸಲಾರೆನೆಂದು ಹೇಳಿ 50 ಬೆಳ್ಳಿ ನಾಣ್ಯ ತೆತ್ತು ಕೊಳ್ಳುತ್ತಾನೆ.

ಈ ಮಾತು ನನಗೆ ಹೊಸದಾಗಿ ಅರ್ಥವಾದದ್ದು ಐವರ್ನಾಡಿನ ಒಂದು ಮನೆಯಲ್ಲಿ. ಹಬ್ಬದ ಆಮಂತ್ರಣ ಪತ್ರ ಸಿದ್ಧಪಡಿಸಲು ಕಂಪ್ಯೂಟರಿನ ಮುಂದೆ ಕುಳಿತಿದ್ದೆವು. ಕೈಕೆಲಸ ಬಲ್ಲ ತರುಣನೊಬ್ಬ ಮಾತೆಯ ಚಿತ್ರದ ಹಿಂಬದಿಯನ್ನು ಅಳಿಸುತ್ತಾ ಕೇಳಿದ: "ಫಾದರ್, ಇದು ಕ್ರ್ಯಾಕ್ ಮಾಡಿದ ತಂತ್ರಾಂಶ. ಇದರಲ್ಲಿ ಮಾತೆಯ ಚಿತ್ರ ಮಾಡಬಹುದಾ?" ಅನೇಕ ಹಬ್ಬಗಳ ಫಲಕಗಳು ಹೀಗೆಯೇ ತಯಾರಾದದ್ದು ನನಗೂ ಗೊತ್ತಿತ್ತು. ಆ ಸಂಜೆ ಉತ್ತರಿಸಲಾಗಲಿಲ್ಲ. ಈ ಲೇಖನವೇ ಅವನಿಗೆ ಉತ್ತರ.

ಗೋಡೆಯಿಂದ ಕಲ್ಲಚ್ಚಿಗೆ

ಚಿತ್ರವು ಧರ್ಮಸಭೆಗೆ ಅಲಂಕಾರವಷ್ಟೇ ಅಲ್ಲ. ಸುಮಾರು ಕ್ರಿ.ಶ. 600ರಲ್ಲಿ ವಿಶ್ವಗುರು ಮಹಾ ಗ್ರೆಗೊರಿಯವರು ಮಾರ್ಸೆಲ್ಸ್‌ನ ಧರ್ಮಾಧ್ಯಕ್ಷ ಸೆರೆನುಸ್‌ರಿಗೆ ಪತ್ರ ಬರೆದು, ಓದುಬಾರದವರಿಗೆ ಚಿತ್ರಗಳೇ ಗ್ರಂಥವೆಂದು ತಿಳಿಹೇಳಿದರು. 787ರ ಎರಡನೆಯ ನೈಸಿಯ ಮಹಾಸಭೆ ಪವಿತ್ರ ಚಿತ್ರಗಳಿಗೆ ಗೌರವ ಸಲ್ಲಿಸುವುದನ್ನು ಎತ್ತಿಹಿಡಿಯಿತು.

ನಮ್ಮ ಜಿಲ್ಲೆಯಲ್ಲಿ ಇದರ ಶ್ರೇಷ್ಠ ಸಾಕ್ಷಿ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯ. ಇಟಲಿಯ ಬೆರ್ಗಮೊ ಸಮೀಪ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೆನಿಯವರು 19ನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದು ಅದರ ಗೋಡೆ, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆಯಬೇಕು. ಗಾರೆ ಒಣಗುವ ಮೊದಲೇ ಬಣ್ಣ ಸೇರಬೇಕು. ತಪ್ಪಿದರೆ ಕೆತ್ತಿ ಮತ್ತೆ ಬಳಿಯಬೇಕು. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರು ತೆತ್ತ ಬೆಲೆ ಬೆವರು ಮತ್ತು ಆಯುಸ್ಸು.

ಅಂಥ ಭಾಗ್ಯ ಪ್ರತಿಯೊಂದು ಧರ್ಮಕೇಂದ್ರಕ್ಕೆ ಸಿಗಲಾರದು. ಬಡ ಇಗರ್ಜಿಗೆ ಚಿತ್ರ ತಲುಪಿದ್ದು ಮುದ್ರಣದ ಮೂಲಕ. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದದ್ದು ಈ ಕಲ್ಲಚ್ಚಿನಲ್ಲೇ. ಒತ್ತು, ಗುಣಿತ, ದೀರ್ಘಗಳೆಲ್ಲ ಸೇರುವ ನಮ್ಮ ಲಿಪಿಗೆ ಅಚ್ಚುಮೊಳೆ ಎರೆಯುವುದು ಸುಲಭವಲ್ಲ. ಕಲ್ಲಿನ ಮೇಲಾದರೋ ಕೈಬರಹವೇ ಅಚ್ಚಾಗುತ್ತದೆ. 1878ರಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯವರು 1882ರಲ್ಲಿ ಕೊಡಿಯಾಲ್‌ಬೈಲ್ ಮುದ್ರಣಾಲಯ ಆರಂಭಿಸಿದರು. ಮುಂದೆ ಬಹುಕಾಲ ಹಬ್ಬದ ಕರಪತ್ರವೆಂದರೆ ಮೊಳೆ ಜೋಡಿಸಿದ ನಾಲ್ಕು ಸಾಲು, ಮೇಲೊಂದು ಸತುವಿನ ಬ್ಲಾಕ್. ಒಂದೇ ಬ್ಲಾಕ್ ವರ್ಷಾನುಗಟ್ಟಲೆ ಬಳಕೆಯಾಗಿ ಸಂತರ ಮುಖ ಸವೆದುಹೋಗುತ್ತಿತ್ತು.

ಬೆಲೆಬಾಳುವ ಪೆಟ್ಟಿಗೆ

ಕಂಪ್ಯೂಟರ್ ಬಂದು ಈ ಶ್ರಮವನ್ನು ಹಗುರ ಮಾಡಿತು. 1985ರಲ್ಲಿ ಪೇಜ್‌ಮೇಕರ್, 1989ರಲ್ಲಿ ಕೋರೆಲ್ ಡ್ರಾ ಹೊರಬಂದವು. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ಆಗ ಅದರ ಬೆಲೆ ಸುಮಾರು 900 ಡಾಲರ್, ಅಂದರೆ ಅಂದಿನ ಲೆಕ್ಕದಲ್ಲಿ 15,000 ರೂಪಾಯಿಯ ಆಸುಪಾಸು. ರಬ್ಬರು, ಅಡಿಕೆ ನಂಬಿದ ಕುಟುಂಬಗಳ ವಂತಿಗೆಯಿಂದ ನಡೆಯುವ ಇಗರ್ಜಿ ಇದನ್ನು ಕೊಳ್ಳುವುದುಂಟೇ? ಕೊಳ್ಳಲಿಲ್ಲ, ಯಾರೋ ಕೊಟ್ಟ ಸಿ.ಡಿ.ಯಿಂದ ಹಾಕಿಸಿಕೊಂಡೆವು. 2013ರಲ್ಲಿ ಆ ಸಂಸ್ಥೆ ಇನ್ನು ಮುಂದಿನ ಹೊಸ ಆವೃತ್ತಿಗಳು ಬಾಡಿಗೆಗೆ ಮಾತ್ರವೆಂದು ಪ್ರಕಟಿಸಿತು. ಕದ್ದ ಪ್ರತಿಗಳ ಆಸೆ ಆಗಲೂ ಇಂಗಲಿಲ್ಲ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯಂತೆ ತಿಳಿದೂ ತಿಳಿದೂ ಅಕ್ರಮ ಪ್ರತಿಯನ್ನು ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. ಲಾಭಕ್ಕಾಗಿ ಬಳಸದಿದ್ದಲ್ಲಿ ನ್ಯಾಯಾಲಯ ಸೆರೆಯನ್ನು ಬಿಡಬಹುದು. ಆದರೆ ನಮಗೆ ದಂಡಕ್ಕಿಂತ ಏಳನೆಯ ಕಟ್ಟಳೆ ದೊಡ್ಡದು. ದೇವರ ಕೆಲಸಕ್ಕೆ ತಾನೇ ಎಂಬ ಸಮಾಧಾನವೇ ಇಲ್ಲಿ ಅಪಾಯ. ವೆಚ್ಚವಿಲ್ಲದ ಆ ಬಲಿಯ ಬೆಲೆಯನ್ನು ಇನ್ನೊಬ್ಬನು ತೆರುತ್ತಿರುತ್ತಾನೆ.

ಇಬ್ಬರು ವಿದ್ಯಾರ್ಥಿಗಳ ದಾನ

ಬಡವನಿಗೆ ಬೇರೆ ದಾರಿ ಇಲ್ಲವೇ? ಇದೆ, ಬಹುಕಾಲದಿಂದ ಇದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ವಿದ್ಯಾರ್ಥಿಗಳು 1995ರಲ್ಲಿ ಚಿತ್ರ ತಿದ್ದುವ ತಂತ್ರಾಂಶವೊಂದನ್ನು ಬರೆಯಲಾರಂಭಿಸಿ, 1996ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಗಿಂಪ್. ಯಾರೂ ಬಳಸಬಹುದು, ಹಂಚಬಹುದು, ಒಳಗಿನ ಬರಹವನ್ನು ನೋಡಿ ತಿದ್ದಲೂಬಹುದು. ಫಿನ್ಲೆಂಡಿನ ತೋರ್ ಲಿಲ್ಕ್ವಿಸ್ಟ್ ಅದನ್ನು ವಿಂಡೋಸಿಗೆ ತಂದರು. ಅನೇಕ ದೇಶಗಳ ಸ್ವಯಂಸೇವಕರು ಸಾಕಿ ಬೆಳೆಸಿದ ಅದರ ಮೂರನೆಯ ಮುಖ್ಯ ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂತು. 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ರೇಖಾಚಿತ್ರಕ್ಕೆ, ಸ್ಕ್ರೈಬಸ್ ಪುಸ್ತಿಕೆಯ ಪುಟವಿನ್ಯಾಸಕ್ಕೆ ಇದೇ ಬಗೆಯ ಕೊಡುಗೆಗಳು.

ನಮ್ಮ ಊರಿಗೆ ಇವು ಇನ್ನೊಂದು ಕಾರಣಕ್ಕೂ ಹೊಂದುತ್ತವೆ. ಸುಳ್ಯ ಸೀಮೆಯಲ್ಲಿ ಕನ್ನಡ ಮತ್ತು ಕೊಂಕಣಿಯವರೊಡನೆ ಕೇರಳದಿಂದ ಬಂದ ಮಲಯಾಳಿ ಕೃಷಿಕರಿದ್ದಾರೆ. ಶ್ರೀಲಂಕಾದಿಂದ ಮರಳಿ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳಿವೆ. ಒಂದೇ ಫಲಕದಲ್ಲಿ ಮೂರು ಲಿಪಿ ಬೇಕಾಗಬಹುದು. ಹಳೆಯ ಕಾಲದ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಟೈಪಿಸಿದರೆ ಒತ್ತಕ್ಷರ ಚೆದುರಿ, 'ಕ್ರಿಸ್ತ' ಎಂಬ ಪವಿತ್ರ ನಾಮವೇ ಒಡೆದು ಕಾಣುತ್ತಿತ್ತು. 1843ರ ತೊಡಕು ಮತ್ತೆ ತಲೆ ಎತ್ತಿದಂತೆ. ಗಿಂಪ್ ಬಳಸುವ ಅಕ್ಷರಜೋಡಣೆಯ ವ್ಯವಸ್ಥೆಯಲ್ಲಿ ಈ ಲಿಪಿಗಳೆಲ್ಲ ಸರಿಯಾಗಿ ಕೂಡಿಕೊಳ್ಳುತ್ತವೆ. ನೋಟೋ, ಲೋಹಿತ್ ಅಕ್ಷರಗಳೂ ಉಚಿತ. ಕೀಲಿಮಣೆಯ ಮೇಲಿನ ಕನ್ನಡ ವಿನ್ಯಾಸವಂತೂ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. 'ನುಡಿ' ತಂತ್ರಾಂಶದ ಮೂಲಕ ಅದು ನಾಡಿಗೆಲ್ಲ ಹಬ್ಬಿತು.

ಕಲಿಕೆಯೇ ಬೆಲೆ

ಉಚಿತವಾದದ್ದನ್ನು ಪಡೆದರೆ ದಾವೀದನ ಮಾತು ಏನಾಯಿತು ಎಂದು ನೀವು ಕೇಳಬಹುದು. ಅರೌನನು ಮನಸಾರೆ ಕೊಡಲು ಬಂದಿದ್ದ. ಆದರೂ ಅರಸ ತನ್ನ ಪಾಲನ್ನು ತೆತ್ತ. ನಮ್ಮ ಪಾಲು ಕಲಿಕೆಯ ಶ್ರಮ. ಪದರಗಳ ಮೇಲೆ ಪದರವಿಟ್ಟು ಚಿತ್ರ ಕೂಡಿಸುವುದನ್ನು ಕಲಿಯಲು ಕೆಲವು ಸಂಜೆಗಳು ಬೇಕು. ಆಮಂತ್ರಣ ಪತ್ರಕ್ಕೆ ಚಿತ್ರ ಇಂಚಿಗೆ 300 ಚುಕ್ಕಿಗಳಷ್ಟು ದಟ್ಟವಾಗಿರಬೇಕು. ದೊಡ್ಡ ಬ್ಯಾನರಿನ ಅಕ್ಷರಗಳನ್ನು ಇಂಕ್‌ಸ್ಕೇಪಿನಲ್ಲಿ ಬರೆದರೆ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ಮುದ್ರಣದ ನಾಲ್ಕು ಬಣ್ಣಗಳ ವಿಷಯದಲ್ಲಿ ಗಿಂಪ್ ಹಿಂದುಳಿದಿದೆ; ಕೊನೆಯ ಕಡತವನ್ನು ಸ್ಕ್ರೈಬಸಿನಿಂದ ತೆಗೆದರೆ ಒಳಿತು. ಕಂಡಕಂಡಲ್ಲಿಂದ ಚಿತ್ರ ಎತ್ತುವುದೂ ಕಳವೇ. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡು 60 ವರ್ಷ ಕಳೆದ ಕೃತಿಗಳು ಎಲ್ಲರ ಸ್ವತ್ತು. ಆದರೆ ಅದರ ಫೋಟೋ ತೆಗೆದವನ ಒಪ್ಪಿಗೆ ಕೇಳಬೇಕು.

2006ರಲ್ಲಿ 15ರ ಹರೆಯದಲ್ಲಿ ತೀರಿಕೊಂಡ ಇಟಲಿಯ ಕಾರ್ಲೊ ಅಕುತಿಸ್ ಕಂಪ್ಯೂಟರನ್ನು ತಾನೇ ಕಲಿತು ಪರಮಪ್ರಸಾದದ ಅದ್ಭುತಗಳ ಪ್ರದರ್ಶನವನ್ನು ಸಿದ್ಧಪಡಿಸಿದ. ಅದರ ಫಲಕಗಳು ಲೋಕವನ್ನೇ ಸುತ್ತಿವೆ. ವಿಶ್ವಗುರು ಹದಿನಾಲ್ಕನೆಯ ಲಿಯೋರವರು ಅವನನ್ನು ಸಂತನೆಂದು ಘೋಷಿಸಿದ್ದು 2025ರ ಸೆಪ್ಟೆಂಬರ್ 7ರಂದು, ನಮ್ಮ ಮೊಂತಿ ಹಬ್ಬದ ಮುನ್ನಾದಿನ.

ಐವರ್ನಾಡಿನ ಆ ತರುಣನಿಗೆ ನನ್ನ ಉತ್ತರ ಇಷ್ಟೇ: ಮಗಾ, ಬೇಡ. ಕದ್ದ ಪ್ರತಿಯನ್ನು ಅಳಿಸು. ದಾನವಾಗಿ ಬಂದದ್ದನ್ನು ಕಲಿ. ಕಲಿತದ್ದನ್ನು ನೆರೆಯ ಧರ್ಮಕೇಂದ್ರದ ಮಕ್ಕಳಿಗೂ ಕಲಿಸು. ಮೊದಲ ಫಲಕ ಅಷ್ಟು ಚಂದ ಬಾರದಿದ್ದರೆ ಊರವರು ನಗಬಹುದು, ನಗಲಿ. ಅದು ನಮ್ಮದೇ ಗದ್ದೆಯ ತೆನೆ. ಮಾತೆ ಮರಿಯಮ್ಮನವರು ಅದನ್ನು ಸ್ವೀಕರಿಸಿ ತಮ್ಮ ಪುತ್ರನ ಪಾದದಲ್ಲಿ ಇಡಲಿ. ಆಮೆನ್.