ವಸ್ತುಗಳ ಪತನ: ಒಂದು ವಿಚಾರದ ಚರಿತ್ರೆ

ಮಾವಿನ ಮರದಿಂದ ಹಣ್ಣೂ ಎಲೆಯೂ ಒಟ್ಟಿಗೆ ಕಳಚಿದರೆ ಹಣ್ಣೇ ಮೊದಲು ನೆಲ ಸೇರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಭಾರವಾದುದು ಬೇಗ ಬೀಳುತ್ತದೆಂಬ ನಂಬಿಕೆಗೆ ಇಂಥ ಅನುಭವವೇ ಮೂಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ಈ ನಂಬಿಕೆಗೆ ಶಾಸ್ತ್ರದ ರೂಪವನ್ನು ಕೊಟ್ಟನು. ಕಲ್ಲು ತನ್ನ ಸಹಜಸ್ಥಾನವನ್ನು ಅರಸಿ ಕೆಳಕ್ಕೆ ಬರುತ್ತದೆ, ತೂಕ ಹೆಚ್ಚಿದಷ್ಟೂ ಅದರ ವೇಗವೂ ಹೆಚ್ಚುತ್ತದೆ ಎಂಬುದು ಆತನ ಮತ. ಸುಮಾರು ಎರಡು ಸಾವಿರ ವರ್ಷಗಳ ಕಾಲ ಬಹುಮಂದಿ ವಿದ್ವಾಂಸರಿಗೆ ಇದೇ ಪ್ರಮಾಣವಾಗಿತ್ತು.

ಆದರೂ ಸಂದೇಹಪಟ್ಟವರು ಇಲ್ಲದಿರಲಿಲ್ಲ. ತೂಕದಲ್ಲಿ ಬಹಳ ಅಂತರವಿರುವ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೆ, ಅವು ಬೀಳುವ ಕಾಲದಲ್ಲಿ ಅತ್ಯಲ್ಪ ವ್ಯತ್ಯಾಸ ಮಾತ್ರ ಕಾಣುವುದೆಂದು ಆರನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯದ ಫಿಲೋಪೊನಸನು ಬರೆದನು. ಹಾಲೆಂಡಿನಲ್ಲಿದ್ದ ಸೈಮನ್ ಸ್ಟೆವಿನನು, ಒಂದು ಮತ್ತೊಂದರ ಹತ್ತರಷ್ಟು ತೂಗುವ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಹಲಗೆಯ ಮೇಲೆ ಕೆಡವಿದನು. ಎರಡರ ಸದ್ದೂ ಒಂದೇ ಸದ್ದಾಗಿ ಕೇಳಿಸಿತೆಂದು ಆತನು 1586ರಲ್ಲಿ ಪ್ರಕಟಿಸಿದನು.

ಗೆಲಿಲಿಯೋ ಪಿಸಾ ನಗರದ ಗೋಪುರದಿಂದ ಗುಂಡುಗಳನ್ನು ಬಿಟ್ಟನೆಂಬ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ಚರಿತ್ರಕಾರರಲ್ಲಿ ಅನೇಕರು ಅದನ್ನು ಸಂದೇಹಿಸುತ್ತಾರೆ. ಆತನ ನಿಜವಾದ ಸಾಧನೆ ಬೇರೆ. ನೇರವಾಗಿ ಬೀಳುವ ವಸ್ತುವಿನ ವೇಗ ಆ ಕಾಲದಲ್ಲಿ ಅಳತೆಗೆ ಸಿಕ್ಕುತ್ತಿರಲಿಲ್ಲ. ಆದುದರಿಂದ ಆತನು ಇಳಿಜಾರಾದ ಹಲಗೆಯಲ್ಲಿ ಗಾಡಿ ಕೊರೆದು, ಕಂಚಿನ ಗುಂಡನ್ನು ಉರುಳಿಸಿದನು. ಉರುಳುವಷ್ಟು ಹೊತ್ತು ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ನಿರ್ಣಯಿಸಿದನು. ಸಮಾನ ಕಾಲಖಂಡಗಳಲ್ಲಿ ಗುಂಡು ಕ್ರಮಿಸುವ ದೂರಗಳು 1, 3, 5, 7 ಎಂಬ ಪ್ರಮಾಣದಲ್ಲಿ ಬೆಳೆಯುತ್ತವೆಂದು ಸಿದ್ಧವಾಯಿತು. ಎಲೆ ಹಿಂದುಳಿಯುವುದು ಗಾಳಿಯ ತಡೆಯಿಂದ, ತೂಕದ ಕೊರತೆಯಿಂದಲ್ಲ. ಭಾರವಾದುದನ್ನು ಭೂಮಿ ಹೆಚ್ಚು ಬಲದಿಂದ ಸೆಳೆದರೂ, ಅದನ್ನು ಚಲಿಸುವಂತೆ ಮಾಡಲು ಅಷ್ಟೇ ಹೆಚ್ಚು ಬಲ ಬೇಕೆಂಬ ಕಾರಣವನ್ನು 1687ರಲ್ಲಿ ನ್ಯೂಟನ್ನನ ಗ್ರಂಥವು ತಿಳಿಯಪಡಿಸಿತು. 1971ರಲ್ಲಿ, ಗಾಳಿಯಿಲ್ಲದ ಚಂದ್ರನ ಮೇಲೆ ಡೇವಿಡ್ ಸ್ಕಾಟ್ ಕೈಬಿಟ್ಟ ಸುತ್ತಿಗೆಯೂ ಗರಿಯೂ ಒಟ್ಟಿಗೆ ನೆಲ ಮುಟ್ಟಿದುದನ್ನು ಜಗತ್ತೇ ನೋಡಿತು.

ಇಲ್ಲಿ ನಾವು ಮರೆಯಬಾರದ ಸಂಗತಿಯೊಂದುಂಟು. ಲ್ಯಾಟಿನ್ ಭಾಷೆಯೇ ವಿದ್ವತ್ತಿನ ಭಾಷೆಯಾಗಿದ್ದ ಆ ಕಾಲದಲ್ಲಿ ಸ್ಟೆವಿನನು ತನ್ನ ಗ್ರಂಥವನ್ನು ಡಚ್ ನುಡಿಯಲ್ಲಿ ಬರೆದು, ಶಾಸ್ತ್ರಕ್ಕೆ ಬೇಕಾದ ಪದಗಳನ್ನು ಆ ನುಡಿಯಲ್ಲಿಯೇ ಕಟ್ಟಿದನು. 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಗೆಲಿಲಿಯೋವಿನ ಕೊನೆಯ ಮಹಾಗ್ರಂಥದಲ್ಲಿ ಪ್ರಮೇಯಗಳು ಲ್ಯಾಟಿನಿನಲ್ಲಿದ್ದರೂ ಸಂಭಾಷಣೆಗಳು ಇಟಾಲಿಯನ್ ಭಾಷೆಯಲ್ಲಿವೆ. ಗಡಿನಾಡಿನಲ್ಲಿ ಕನ್ನಡದಲ್ಲಿ ಓದುವ ನಮ್ಮ ಮಕ್ಕಳು ವಿಜ್ಞಾನಕ್ಕೆ ತಮ್ಮ ನುಡಿ ಸಾಲದೆಂದು ಕುಗ್ಗಬೇಕಾಗಿಲ್ಲ. ಕಂಡದ್ದನ್ನು ಪ್ರಶ್ನಿಸುವುದಕ್ಕೂ, ಅಳೆದು ನೋಡಿ ಹೇಳುವುದಕ್ಕೂ ತಾಯ್ನುಡಿಯೇ ಮೊದಲ ಸಾಧನ.