ಬೆಂಗಳೂರಿನ ಮಾಲ್ಟಿಗೆ ಬಿಸಿಲೊಂದೇ ಕಾರಣವಲ್ಲ

ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹವೆಯಿಂದಲೇ ಶುರು ಮಾಡುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಹನ್ನೆರಡು ವರ್ಷ ಹಿಡಿಯುವ ಕೆಲಸವನ್ನು ನಮ್ಮ ಸೆಕೆ ನಾಲ್ಕೈದು ವರ್ಷದಲ್ಲಿ ಮುಗಿಸುತ್ತದೆ ಎಂಬುದು ಅವರ ವಾದ. ಇದರಲ್ಲಿ ನಿಜವಿದೆ. ಓಕ್ ಪೀಪಾಯಿಯಲ್ಲಿಟ್ಟ ವಿಸ್ಕಿ ಪ್ರತಿವರ್ಷ ಅಷ್ಟಿಷ್ಟು ಆವಿಯಾಗಿ ಹೋಗುತ್ತದೆ. ಈ ನಷ್ಟವನ್ನು ಕಸುಬಿನವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಆ ಪಾಲು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನಲ್ಲಿ ಶೇ. 10ರಿಂದ 12. ಲೆಕ್ಕ ಹಾಕಿದರೆ, 200 ಲೀಟರಿನ ಪೀಪಾಯಿ ಇಲ್ಲಿ ನಾಲ್ಕೇ ವರ್ಷಕ್ಕೆ 125 ಲೀಟರಿನ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಹನ್ನೆರಡು ವರ್ಷವಾದರೂ 150ಕ್ಕಿಂತ ಹೆಚ್ಚು ಉಳಿದಿರುತ್ತದೆ. ಮರದ ಬಣ್ಣ, ವೆನಿಲಾದ ಪರಿಮಳ ಪಾನೀಯಕ್ಕೆ ಇಳಿಯುವುದೂ ಇಲ್ಲಿ ಬೇಗ. ಆದರೆ ಈ ಸೆಕೆ ಬೆಂಗಳೂರಿಗೆ ಹೊಸದೇನಲ್ಲ. ಅದೇ ಮುಖ್ಯ ಕಾರಣವಾಗಿದ್ದರೆ ಒಳ್ಳೆಯ ಮಾಲ್ಟಿಗೆ 2004ರವರೆಗೆ ಕಾಯಬೇಕಾಗಿರಲಿಲ್ಲ.

ಅಮೃತ್ ಡಿಸ್ಟಿಲರಿಯನ್ನು ರಾಧಾಕೃಷ್ಣ ಜಗದಾಳೆ ಸ್ಥಾಪಿಸಿದ್ದು 1948ರಲ್ಲಿ. ಮೊದಲ ದಶಕಗಳಲ್ಲಿ ಅದರ ವ್ಯಾಪಾರ ನಿಂತಿದ್ದದ್ದು ರಮ್ಮು, ಬ್ರಾಂದಿಗಳ ಮೇಲೆ. ಸೈನ್ಯದ ಕ್ಯಾಂಟೀನು ದೊಡ್ಡ ಗಿರಾಕಿ. ಆ ಕಾಲದಲ್ಲಿ ಭಾರತದಲ್ಲಿ ವಿಸ್ಕಿ ಎಂದು ಮಾರುತ್ತಿದ್ದುದರಲ್ಲಿ ಹೆಚ್ಚಿನದು ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಇಳಿಸಿದ ಮದ್ಯ. ಕಾಕಂಬಿ ಅಗ್ಗ, ಮಾಗಿಸುವ ಕಟ್ಟುಪಾಡಿಲ್ಲ, ಗಿರಾಕಿ ನೋಡುವುದು ಬೆಲೆಯನ್ನು. ಇಂಥ ಪೇಟೆಯಲ್ಲಿ ಪೀಪಾಯಿ ತುಂಬಿಟ್ಟು ಕಾಯುವುದೆಂದರೆ ಸರಕಿನ ಮೂರನೇ ಒಂದು ಪಾಲನ್ನು ಗಾಳಿಗೆ ಬಿಟ್ಟಂತೆ. ಈಗ ನಾವು ಹೊಗಳುವ ಸೆಕೆಯೇ ಆಗ ಮಾಗಿಸದೆ ಇರಲು ತಕ್ಕ ಕಾರಣವಾಗಿತ್ತು. 1980ರ ದಶಕದಲ್ಲಿ ಅಮೃತ್ ಬಾರ್ಲಿಯಿಂದ ಮಾಲ್ಟ್ ಇಳಿಸತೊಡಗಿದ್ದೂ ಅದನ್ನು ಬಾಟಲಿಗೆ ತುಂಬಿ ಮಾರಲಿಕ್ಕಲ್ಲ, ತನ್ನ ಮ್ಯಾಕಿಂಟಾಷ್ ವಿಸ್ಕಿಗೆ ಬೆರೆಸಲಿಕ್ಕೆ.

ಲೆಕ್ಕಾಚಾರ ಬದಲಾದದ್ದು ದೂರದ ಪೇಟೆಯಿಂದ. ಮನೆತನದ ಮೂರನೇ ತಲೆಮಾರಿನ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುವಾಗ, ಬ್ರಿಟನ್ನಿನ ಭಾರತೀಯ ಹೋಟೆಲುಗಳಲ್ಲಿ ಭಾರತದ ಮಾಲ್ಟ್ ಮಾರಬಹುದೇ ಎಂದು ಅಧ್ಯಯನ ಮಾಡಿದರು. 2004ರ ಆಗಸ್ಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಯಾಯಿತು. ಕಾಕಂಬಿಯ ಮದ್ಯವನ್ನು ಯೂರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಧಾನ್ಯದಿಂದಲೇ ಇಳಿಸಬೇಕು, ಮರದಲ್ಲಿ ಕನಿಷ್ಠ ಮೂರು ವರ್ಷ ಇಡಬೇಕು. ನಮ್ಮ ಪೇಟೆ ಕೇಳದಿದ್ದ ಶಿಸ್ತನ್ನು ಆ ಕಾನೂನು ಕೇಳಿತು, ಆವಿಯಾದದ್ದರ ಬೆಲೆಯನ್ನೂ ಅಲ್ಲಿನ ಗಿರಾಕಿ ಕೊಟ್ಟ. ಆಗಷ್ಟೇ ಸೆಕೆ ನಷ್ಟದ ಬಾಬತ್ತಿನಿಂದ ಲಾಭದ ಬಾಬತ್ತಿಗೆ ಬಂತು.

ಇದು ಪರದೇಶದ ಮುದ್ರೆಗೆ ಕೈಯೊಡ್ಡಿದ ಕಥೆಯಷ್ಟೇ ಎಂದು ಆಕ್ಷೇಪಿಸಬಹುದು. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ ಮೇಲೆಯೇ ಊರಿನವರ ಕಣ್ಣು ತೆರೆಯಿತು ಎಂಬುದೂ ಸುಳ್ಳಲ್ಲ. ಈ ಮಾಲ್ಟ್ ಬೆಂಗಳೂರಿನ ಅಂಗಡಿಗೆ ಬಂದದ್ದೇ 2010ರಲ್ಲಿ. ಆದರೆ ಹೊಗಳಿಕೆಯಿಂದ ವಿಸ್ಕಿ ಮಾಗುವುದಿಲ್ಲ. ಭಾರತದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಿಡಿಸಿದ ಬಾರ್ಲಿಯನ್ನೂ ಬಳಸಿದ ಫ್ಯೂಷನ್, ಆ ಹೊತ್ತಿಗೆ ಇಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಮಾಲ್ಟ್ ಇಳಿಸಿದ ಕೈಗಳ ಕೆಲಸ. ಬೆಂಗಳೂರಿಗಿಂತ ಸೆಕೆ ಹೆಚ್ಚಿರುವ ಗೋವಾದಲ್ಲಿ ತಯಾರಾಗುವ ಪಾಲ್ ಜಾನ್ ಮಾಲ್ಟ್ ಹೊರಬಂದದ್ದು 2012ರಲ್ಲಿ, ಅಮೃತ್ ಹಾದಿ ತೋರಿದ ಮೇಲೆ. ಹವೆ ಮೊದಲಿನಿಂದಲೂ ಇತ್ತು. ಕಾಯಲು ಬೇಕಾದ ಬಂಡವಾಳ ಮತ್ತು ಕಾದದ್ದಕ್ಕೆ ಬೆಲೆ ಕೊಡುವ ಪೇಟೆ ತಡವಾಗಿ ಬಂದವು. ಬೆಂಗಳೂರಿನ ಮಾಲ್ಟಿನ ಶ್ರೇಯಸ್ಸಿನಲ್ಲಿ ಬಿಸಿಲಿಗೆ ಒಂದು ಪಾಲು ಸಲ್ಲಲಿ. ದೊಡ್ಡ ಪಾಲು ಸಲ್ಲಬೇಕಾದದ್ದು ಅಗ್ಗದ ಬ್ರಾಂದಿ ಮಾರಿ ಆ ಬಂಡವಾಳ ಕೂಡಿಟ್ಟ ದಶಕಗಳಿಗೆ.