ರಾಜಪೂಜೆಯಿಂದ ಮನೆಯಂಗಳಕ್ಕೆ ಇಳಿದ ಚಂದ್ರ

ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಯಂದು ಝೊಂಗ್‌ಚ್ಯೂ, ಅಂದರೆ ನಡುಶರತ್ತಿನ ಹಬ್ಬ. ಅದು ಹೆಚ್ಚಾಗಿ ನಮ್ಮ ಭಾದ್ರಪದದ ಹುಣ್ಣಿಮೆಗೆ ಬೀಳುತ್ತದೆ. ಕೆಲವು ವರ್ಷ ಮುಂದೆ ಸರಿದು ಸೀಗಿ ಹುಣ್ಣಿಮೆಯ ಜೊತೆ ಸೇರಿಕೊಳ್ಳುತ್ತದೆ. ಬೆಳೆ ಕೈಗೆ ಬರುವ ಹೊತ್ತಿನ ಈ ಹಬ್ಬದ ಬೇರು ಹುಡುಕಿ ಹೊರಟರೆ ಮೊದಲು ಎದುರಾಗುವುದು ಅರಮನೆ. ಶರತ್ಕಾಲದಲ್ಲಿ ಚಂದ್ರನಿಗೆ ಪೂಜೆ ಸಲ್ಲಿಸುವುದು ಝೌ ಅರಸರ ಕರ್ತವ್ಯವಾಗಿತ್ತು. ಆ ಪದ್ಧತಿಗಾಗಿ ಮಿಂಗ್ ಚಕ್ರವರ್ತಿ ಜಿಯಾಜಿಂಗ್ 1530ರಲ್ಲಿ ಬೀಜಿಂಗ್‌ನಲ್ಲಿ ಕಟ್ಟಿಸಿದ ಚಂದ್ರವೇದಿಕೆಯ ಆವರಣ ಈಗ ಸಾರ್ವಜನಿಕ ಉದ್ಯಾನ.

ಜನರ ಹಬ್ಬವಾಗಿ ಅದು ಅರಳಿದ್ದು ಸೊಂಗ್ ಕಾಲದಲ್ಲಿ. ರಾಜಧಾನಿ ಕೈಫೆಂಗ್ 1127ರಲ್ಲಿ ಶತ್ರುಗಳ ಪಾಲಾದ ಮೇಲೆ ದಕ್ಷಿಣಕ್ಕೆ ವಲಸೆ ಹೋದ ಮೆಂಗ್ ಯುವಾನ್‌ಲಾವ್, ಕಳೆದುಹೋದ ತನ್ನ ಊರನ್ನು ನೆನೆದು ಒಂದು ಪುಸ್ತಕ ಬರೆದ. ಅದರಲ್ಲಿ ಈ ಹುಣ್ಣಿಮೆಯ ಚಿತ್ರವಿದೆ: ಅಂಗಡಿಗಳಿಗೆ ಹೊಸ ಮದ್ಯ ಬರುತ್ತದೆ, ಮಧ್ಯಾಹ್ನದೊಳಗೆ ಖಾಲಿಯಾಗುತ್ತದೆ, ಹೊಸ ಏಡಿ, ದಾಳಿಂಬೆ, ದ್ರಾಕ್ಷಿ, ಕಿತ್ತಳೆ ಮಾರುಕಟ್ಟೆ ತುಂಬುತ್ತವೆ, ಬೆಳುದಿಂಗಳು ನೋಡಲು ಮಹಡಿಯ ಜಾಗಕ್ಕೆ ಜನ ಮುಗಿಬೀಳುತ್ತಾರೆ. ಈ ಹಬ್ಬದ ಕುರಿತ ಬರಹಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಇದೇ. ಮನೆ ಕಳೆದುಕೊಂಡವನೇ ಹಬ್ಬವನ್ನು ಇಷ್ಟು ನಿಚ್ಚಳವಾಗಿ ಕಾಣಬಲ್ಲ.

ಆದರೆ ಇಂದು ಈ ಹಬ್ಬದ ಗುರುತೇ ಆಗಿರುವ, ಹೂರಣ ತುಂಬಿದ ದುಂಡನೆಯ ಭಕ್ಷ್ಯವಾದ ಮೂನ್‌ಕೇಕ್‌ನ ಸುದ್ದಿಯೇ ಮೆಂಗ್‌ನ ಪುಸ್ತಕದಲ್ಲಿ ಇಲ್ಲ. ಮಂಗೋಲರ ವಿರುದ್ಧ ದಂಗೆಯ ಚೀಟಿಗಳನ್ನು ಅದರೊಳಗೆ ಅಡಗಿಸಿ ಹಂಚಿದರೆಂಬುದು ಜನಪ್ರಿಯ ಕತೆ. ಅದನ್ನು ಕತೆಯಾಗಿಯೇ ಕೇಳಬೇಕು. ಹದಿನಾರನೇ ಶತಮಾನದಲ್ಲಿ ಹಾಂಗ್‌ಝೌದ ತಿಯೆನ್ ರುಚೆಂಗ್ ಬರೆದದ್ದು ಮಾತ್ರ ಗಟ್ಟಿ ಮಾತು: ಆ ದಿನ ಜನ ಒಬ್ಬರಿಗೊಬ್ಬರು ಮೂನ್‌ಕೇಕ್ ಕೊಡುತ್ತಾರೆ, ಅದು ಮನೆಮಂದಿಯೆಲ್ಲ ಒಂದುಗೂಡುವುದರ ಗುರುತು. ದುಂಡನೆಯ ಚಂದ್ರ, ದುಂಡನೆಯ ಭಕ್ಷ್ಯ, ಒಂದೂ ಕೊರತೆಯಿಲ್ಲದ ಪಂಕ್ತಿ. ಹಬ್ಬದ ಅರ್ಥ ನೆಲೆ ನಿಂತದ್ದು ಇಲ್ಲಿಯೇ.

ಆಮೇಲಿನದು ಹೂರಣದ ಚರಿತ್ರೆ. 1792ರಲ್ಲಿ ಯುವಾನ್ ಮೇ ತನ್ನ ಪಾಕಗ್ರಂಥದಲ್ಲಿ ಅಕ್ರೋಟು, ಕಲ್ಲುಸಕ್ಕರೆ, ಹಂದಿಕೊಬ್ಬು ತುಂಬಿದ ಬಗೆಯೊಂದನ್ನು ವಿವರಿಸಿದ. ಸುಝೌದಲ್ಲಿ ಪದರುಪದರಾದ ಕಣಕದೊಳಗೆ ಮಾಂಸ. ಯುನ್ನಾನ್‌ನಲ್ಲಿ ಉಪ್ಪು ಹಾಕಿ ಒಣಗಿಸಿದ ಹಂದಿತೊಡೆ. ಜಗತ್ತಿಗೆ ಹೆಚ್ಚು ಪರಿಚಿತವಾದದ್ದು ಗುವಾಂಗ್‌ಡಾಂಗ್‌ನದು. ತಾವರೆಬೀಜವನ್ನು ನುಣ್ಣಗೆ ಅರೆದು, ಸಕ್ಕರೆ ಎಣ್ಣೆ ಹಾಕಿ ಕಾಯಿಸಿ, ನಡುವೆ ಉಪ್ಪಿನಲ್ಲಿಟ್ಟ ಬಾತುಮೊಟ್ಟೆಯ ಹಳದಿ ಇಡುತ್ತಾರೆ. ಸಕ್ಕರೆಪಾಕದಲ್ಲಿ ಕಲಸಿದ ಕಣಕದ ತೆಳು ಹೊದಿಕೆ ಕೊಟ್ಟು, ಅಚ್ಚಿಗೆ ಒತ್ತಿ ಬೇಯಿಸುತ್ತಾರೆ. ಒಲೆಯಿಂದ ಇಳಿದಾಗ ಸಿಪ್ಪೆ ಗಟ್ಟಿ. ಒಂದೆರಡು ದಿನ ಇಟ್ಟರೆ ಎಣ್ಣೆ ಹೊರಮೈಗೆ ಬಂದು ಮೃದುವಾಗಿ ಹೊಳೆಯುತ್ತದೆ. ಕತ್ತರಿಸಿದರೆ ಒಳಗೊಂದು ಹುಣ್ಣಿಮೆ.

ಜೊತೆಗೆ ಚಕ್ಕೋತ, ಕೆಸುವಿನ ಗೆಡ್ಡೆ, ಆಗಷ್ಟೇ ಅರಳುವ ಒಸ್ಮಾಂಥಸ್ ಹೂವಿನ ಮದ್ಯ. ಮಕ್ಕಳ ಕೈಯಲ್ಲಿ ಲಾಟೀನು; ಹಳೆಯ ಬೀಜಿಂಗ್‌ನಲ್ಲಿ ಮಣ್ಣಿನ ಮೊಲದ ದೇವರು. ಹಾಂಗ್‌ಕಾಂಗ್‌ನ ತಾಯ್ ಹಾಂಗ್ ಬೀದಿಗಳಲ್ಲಿ ಊದುಬತ್ತಿ ಚುಚ್ಚಿದ ಬೆಂಕಿ ಡ್ರ್ಯಾಗನ್ ಕುಣಿಯುವುದು 1880ರಿಂದ ಬಂದ ವಾಡಿಕೆ.

ಈಚಿನ ದಶಕಗಳಲ್ಲಿ ಬೇಯಿಸದ, ತಂಪು ಮೂನ್‌ಕೇಕ್‌ಗಳು ಬಂದಿವೆ. ಅದಕ್ಕೆ ನನ್ನ ತಕರಾರಿಲ್ಲ. ಕೆಡುಕಾದದ್ದು ಪೆಟ್ಟಿಗೆಯಿಂದ. ಮೇಲಧಿಕಾರಿಗಳನ್ನು ಒಲಿಸಿಕೊಳ್ಳುವ ದುಬಾರಿ ಉಡುಗೊರೆಯಾಗಿ ಹಬ್ಬದ ತಿನಿಸು ಬದಲಾಯಿತು. ಸರ್ಕಾರಿ ದುಡ್ಡಿನಲ್ಲಿ ಮೂನ್‌ಕೇಕ್ ಕೊಂಡು ಹಂಚುವುದನ್ನು 2013ರಲ್ಲಿ ನಿಷೇಧಿಸಲಾಯಿತು. 2022ರಲ್ಲಿ 500 ಯುವಾನ್ ಮೀರಿದ ಪೆಟ್ಟಿಗೆಗಳ ಮೇಲೆ ನಿಗಾ ಬಿಗಿಯಾಯಿತು. ಎರಡೂ ಸರಿಯಾದ ಹೆಜ್ಜೆಗಳೇ. ಹಳೆಯ ಮನೆಗಳಲ್ಲಾದರೋ ಮೂನ್‌ಕೇಕನ್ನು ಎಷ್ಟು ಜನರೋ ಅಷ್ಟೇ ಹೋಳು ಮಾಡುವ ರೂಢಿಯಿತ್ತು. ದೂರದಲ್ಲಿರುವವರಿಗೂ ಒಂದು ಹೋಳು ಎತ್ತಿಡುತ್ತಿದ್ದರು.